ದೊಡ್ಡ ಆಂಟೆನಾ ಹಾಕಿದ್ಮೇಲೂ ಸಿಗ್ನಲ್ ಇಲ್ಲ ಅನ್ನೋರಿಗೆ

ಓದುಗರ ಪ್ರಶ್ನೆಗಳಲ್ಲಿ ಈ ಸಲ ಹೊರಗಿನ ಆಂಟೆನಾ ವಿಷಯದ್ದೇ ಕಾರುಬಾರು. ಮನೆ ವೈಫೈ ರೂಟರ್‌ಗೆ ಆಂಟೆನಾ ಬದಲಾಯಿಸೋರಿಂದ ಹಿಡಿದು ಮೊಬೈಲ್ ಟವರ್ ಹತ್ತೋರವರೆಗೆ ಎಲ್ಲಾರೂ ಬರೆದಿದ್ದಾರೆ, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇಲ್ಲಿ ಪೂರ್ತಿ ಇದನ್ನೇ ತಗೊಂಡಿದೀನಿ. ಒಂದೇ ತರ ಇದ್ದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಕೆಲವು ಉದ್ದದ ಪತ್ರಗಳನ್ನ ಕತ್ತರಿಸಿದೀನಿ.

ಪ್ರಶ್ನೆ: ಸರ್, ನನ್ನ ರೂಟರ್ ಜೊತೆ ಬಂದ ಚಿಕ್ಕ ಆಂಟೆನಾ ತೆಗೆದು 9 ಡಿಬಿಐ ಆಂಟೆನಾ ತಂದು ಮಹಡಿ ಮೇಲೆ ಕಂಬಕ್ಕೆ ಹಾಕಿದೆ. ರೂಟರ್ ಕೆಳಗೆ ರೂಮಲ್ಲೇ ಇದೆ, ಮಧ್ಯೆ 10 ಮೀಟರ್ ಆರ್‌ಜಿ-58 ಕೇಬಲ್ ಎಳೆದಿದೀನಿ. ಮೊದಲಿಗಿಂತ ಸಿಗ್ನಲ್ ಕಮ್ಮಿ ಆಗಿದೆ. ಆಂಟೆನಾ ಡೂಪ್ಲಿಕೇಟ್ ಇರಬಹುದಾ?

ಉತ್ತರ: ಆಂಟೆನಾ ಮೇಲೆ ಅನುಮಾನ ಪಡೋ ಮೊದಲು ಕೇಬಲ್ ಲೆಕ್ಕ ನೋಡಿ. ಡಿಬಿ ಅಂದ್ರೆ ಪವರ್ ಎಷ್ಟು ಪಟ್ಟು ಏರಿತು, ಇಳೀತು ಅನ್ನೋ ಅಳತೆ, 10 ಡಿಬಿ ಅಂದ್ರೆ ಹತ್ತು ಪಟ್ಟು. ಡಿಬಿಐ ಅಂದ್ರೆ ಆಂಟೆನಾ ಸಿಗ್ನಲ್‌ನ ಒಂದು ಕಡೆಗೆ ಎಷ್ಟು ಒಟ್ಟು ಮಾಡಿ ಕಳಿಸುತ್ತೆ ಅನ್ನೋದು, ಅದನ್ನೇ ಗೇನ್ ಅಂತಾರೆ. ಆರ್‌ಜಿ-58 ಅನ್ನೋ ಈ ತೆಳು ಕೋಆಕ್ಸಿಯಲ್ ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರ್‌ಗೆ ಸುಮಾರು 1 ಡಿಬಿ ತಿನ್ನುತ್ತೆ. ಅಂದ್ರೆ 10 ಮೀಟರ್‌ಗೆ 10 ಡಿಬಿ, ರೂಟರ್ 100 ಮಿಲಿವಾಟ್ ಕಳಿಸಿದ್ರೆ ಆಂಟೆನಾ ಹತ್ರ ತಲುಪೋದು ಬರೀ 10 ಮಿಲಿವಾಟ್, ಉಳಿದ 90 ಕೇಬಲ್ ಒಳಗೇ ಬಿಸಿಯಾಗಿ ಹೋಯ್ತು. ಆಂಟೆನಾ ನಿಜವಾಗ್ಲೂ 9 ಡಿಬಿಐ ಇದ್ರೂ 9ರಲ್ಲಿ 10 ಕಳೆದ್ರೆ ಮೈನಸ್ 1. ನೀವು ಕಿತ್ತು ಹಾಕಿದ ಚಿಕ್ಕ ಆಂಟೆನಾ ಸಾಮಾನ್ಯವಾಗಿ 2 ಡಿಬಿಐ ಇರುತ್ತೆ, ಅದಕ್ಕೆ ಕೇಬಲ್ಲೇ ಇರ್ಲಿಲ್ಲ. ಒಟ್ಟು 3 ಡಿಬಿ ಹಿಂದೆ ಬಿದ್ದಿದೀರಾ, ಅಂದ್ರೆ ಪವರ್ ಅರ್ಧ ಆಯ್ತು. ಇದು 2.4ರ ಲೆಕ್ಕ. 5 ಗಿಗಾಹರ್ಟ್ಸ್ ಬ್ಯಾಂಡಲ್ಲಿ ಅದೇ ಕೇಬಲ್ ಮೀಟರ್‌ಗೆ ಒಂದೂವರೆ ಡಿಬಿಗಿಂತ ಜಾಸ್ತಿ ತಿನ್ನುತ್ತೆ, ಅಲ್ಲಿ ಏನೂ ಉಳಿಯಲ್ಲ.

ನಷ್ಟ ಕಳಿಸುವಾಗ ಮಾತ್ರ ಆಗೋದು ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಹಾಗಲ್ಲ, ಫೋನಿಂದ ಬರೋ ಬಡಕಲು ಸಿಗ್ನಲ್ಲೂ ಇದೇ 10 ಮೀಟರ್ ದಾಟಿ ಬರಬೇಕು, ರಿಸೀವರ್ ಒಳಗಿನ ಮೊದಲನೇ ಆಂಪ್ಲಿಫೈಯರ್ ಮುಟ್ಟೋಷ್ಟ್ರಲ್ಲಿ ಅದೂ ಹತ್ತರಲ್ಲಿ ಒಂದು ಪಾಲಾಗಿರುತ್ತೆ. ಆಮೇಲೆ ಎಷ್ಟು ಆಂಪ್ಲಿಫೈ ಮಾಡಿದ್ರೂ ಜೊತೆಗೆ ನಾಯ್ಸೂ ದೊಡ್ಡದಾಗುತ್ತೆ ಹೊರತು ಕಳೆದಿದ್ದು ವಾಪಸ್ ಬರಲ್ಲ.

ಪರಿಹಾರ ಎರಡಿದೆ. ಒಂದು, ದಪ್ಪ ಕೇಬಲ್. ಎಲ್‌ಎಂಆರ್-400 ದರ್ಜೆಯದ್ದು 2.4ರಲ್ಲಿ ಮೀಟರ್‌ಗೆ 0.22 ಡಿಬಿ ಸುಮಾರು, ಹತ್ತು ಮೀಟರ್‌ಗೆ 2.2 ಅಷ್ಟೇ. 5.8ರಲ್ಲಿ ಮೀಟರ್‌ಗೆ 0.35 ಆಗುತ್ತೆ. ಆದ್ರೆ ಅದು ಹೆಬ್ಬೆರಳು ದಪ್ಪ ಅಲ್ಲದಿದ್ರೂ 1 ಸೆಂಟಿಮೀಟರ್ ದಪ್ಪ ಇದೆ, ಬಗ್ಗಲ್ಲ, ರೂಟರ್ ಹಿಂದಿನ ಪುಟ್ಟ ಕನೆಕ್ಟರ್‌ಗೆ ನೇರ ಸಿಗಿಸಿದ್ರೆ ಅದರ ಭಾರಕ್ಕೇ ಬೋರ್ಡಿನ ಬೆಸುಗೆ ಕಿತ್ತು ಬರುತ್ತೆ. ಕೊನೇಲಿ ಅರ್ಧ ಮೀಟರ್ ತೆಳು ಪಿಗ್‌ಟೇಲ್ (ಬಗ್ಗೋ ತುಂಡು ಕೇಬಲ್) ಹಾಕಿ ಸಿಗಿಸಬೇಕು.

ಎರಡನೇದು, ನನ್ನ ಪ್ರಕಾರ ಇದೇ ಸರಿಯಾದ ದಾರಿ: ರೇಡಿಯೋನೇ ಮೇಲಕ್ಕೆ ಹೋಗ್ಲಿ. ಹೊರಗಡೆ ಇಡಬಹುದಾದ ಆಕ್ಸೆಸ್ ಪಾಯಿಂಟ್ (ವೈಫೈ ಕೊಡೋ ಡಬ್ಬ) ತಗೊಂಡು ಅದನ್ನ ಕಂಬದ ಮೇಲೆ ಆಂಟೆನಾ ಬುಡದಲ್ಲೇ ಕೂರಿಸಿ, ಕೆಳಗಿಂದ ಈಥರ್ನೆಟ್ ಕೇಬಲ್ ಎಳೀರಿ, ಕರೆಂಟೂ ಅದರಲ್ಲೇ ಪಿಒಇ ಮೂಲಕ ಹೋಗುತ್ತೆ. ಈಥರ್ನೆಟ್ 100 ಮೀಟರ್‌ವರೆಗೂ ಡೇಟಾ ಕಳ್ಕೊಳ್ಳದೆ ಹೋಗುತ್ತೆ, ಕೋಆಕ್ಸಿಯಲ್ ಕೇಬಲ್ ಅರ್ಧ ಮೀಟರ್‌ಗೆ ಇಳಿಯುತ್ತೆ. ಮೊಬೈಲ್ ಕಂಪನಿಗಳೂ ಮೊದಲು ಟವರ್ ಕೆಳಗೆ ಶೆಲ್ಟರ್‌ನಲ್ಲಿ ರೇಡಿಯೋ ಇಟ್ಟು ಕೈಮಣಿಕಟ್ಟಿನಷ್ಟು ದಪ್ಪದ ಫೀಡರ್ ಕೇಬಲ್‌ಗಳನ್ನ ಮೇಲಕ್ಕೆ ಎಳೀತಿದ್ರು, ಆಮೇಲೆ ರೇಡಿಯೋನ ಆಂಟೆನಾ ಹಿಂದೆಯೇ ನೇತು ಹಾಕಿ ಕೆಳಗಿಂದ ಫೈಬರ್ ಮತ್ತೆ ಡಿಸಿ ಪವರ್ ಮಾತ್ರ ಕೊಡೋಕೆ ಶುರು ಮಾಡಿದ್ದಕ್ಕೆ ದೊಡ್ಡ ಕಾರಣ ಇದೇ ನಷ್ಟ. ಆಂಟೆನಾಗೆ ದುಡ್ಡು ಹಾಕೋ ಮೊದಲು ಕೇಬಲ್ ಎಷ್ಟು ಚಿಕ್ಕದು ಮಾಡಬಹುದು ಅಂತ ಯೋಚನೆ ಮಾಡಿ, ಇವತ್ತಿನ ಅರ್ಧ ಪತ್ರಗಳಿಗೆ ಇದೇ ಉತ್ತರ.

ಪ್ರಶ್ನೆ: ಹೊಸ ಆಂಟೆನಾ ರೂಟರ್‌ಗೆ ಚೆನ್ನಾಗಿ ತಿರುಗಿಸಿ ಕೂತಿದೆ, ಥ್ರೆಡ್ ಎಲ್ಲಾ ಸರಿ ಇದೆ, ಆದ್ರೆ ಪಕ್ಕದಲ್ಲೇ ಕೂತ್ರೂ ಸಿಗ್ನಲ್ ಇಲ್ಲ ಅಂದ್ರೆ ಇಲ್ಲ. ಏನು ಕಥೆ?

ಉತ್ತರ: ನಡುವೆ ಪಿನ್ ಇದ್ಯಾ ನೋಡಿ. ಆಂಟೆನಾ ಬಿಚ್ಚಿ, ರೂಟರ್ ಕಡೆ ಮಧ್ಯದಲ್ಲಿ ತೂತಿದ್ಯೋ ಸೂಜಿ ಇದ್ಯೋ ನೋಡಿ, ಆಂಟೆನಾ ಕಡೇನೂ ನೋಡಿ. ಎರಡೂ ಕಡೆ ತೂತೇ ಇದ್ರೆ ಸಮಸ್ಯೆ ಅಲ್ಲೇ ಇದೆ, ಒಳಗಿನ ವೈರ್ ಒಂದಕ್ಕೊಂದು ತಾಕ್ತಾನೇ ಇಲ್ಲ.

ಇದು ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಗೊಂದಲ. ಎರಡಕ್ಕೂ ಥ್ರೆಡ್ ಒಂದೇ, ಹೊರಗಿಂದ ನೋಡಿದ್ರೆ ಅವಳಿ ಜವಳಿ. ಮಾಮೂಲಿ ಎಸ್‌ಎಂಎನಲ್ಲಿ ಹೊರಗೆ ಥ್ರೆಡ್ ಇರೋ ಕಡೆ ಮಧ್ಯೆ ತೂತು, ಒಳಗೆ ಥ್ರೆಡ್ ಇರೋ ಕಡೆ ಪಿನ್. ಆರ್‌ಪಿ ಅಂದ್ರೆ ರಿವರ್ಸ್ ಪೊಲಾರಿಟಿ, ಅದರಲ್ಲಿ ಪಿನ್ ಮತ್ತು ತೂತು ಅದಲು ಬದಲು. ವೈಫೈ ರೂಟರ್‌ಗಳಲ್ಲಿ ಹೆಚ್ಚಾಗಿ ಆರ್‌ಪಿ-ಎಸ್‌ಎಂಎ ಇರುತ್ತೆ, 4ಜಿ 5ಜಿ ಸಿಮ್ ಹಾಕೋ ರೂಟರ್‌ಗಳಲ್ಲಿ ಸಿಮ್ ಕಡೆಯ ಆಂಟೆನಾಗೆ ಮಾಮೂಲಿ ಎಸ್‌ಎಂಎ. ಒಂದೇ ಡಬ್ಬದ ಮೇಲೆ ಎರಡೂ ಇರೋದೂ ಉಂಟು, ಅಲ್ಲಿ ಕಣ್ಣು ಬಿಟ್ಟು ನೋಡ್ಲೇಬೇಕು. ತೂತಿಗೆ ತೂತು ಬಂದ್ರೆ ಸಿಗ್ನಲ್ ಇಲ್ಲ ಅಷ್ಟೇ, ಪಿನ್‌ಗೆ ಪಿನ್ ಬಂದು ಜೋರಾಗಿ ತಿರುಗಿಸಿದ್ರೆ ಎರಡೂ ಪಿನ್ ಹಾಳು.

ಈ ತಲೆನೋವು ಯಾಕೆ ಹುಟ್ಟಿತು ಅಂದ್ರೆ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮ. ಲೈಸೆನ್ಸ್ ಬೇಡದ ರೇಡಿಯೋ ಉಪಕರಣಗಳಿಗೆ ಜನ ಅಂಗಡಿಲಿ ಸಿಗೋ ಯಾವ್ಯಾವುದೋ ಆಂಟೆನಾ ಸಿಗಿಸಬಾರದು, ಆಂಟೆನಾ ಖಾಯಂ ಆಗಿ ಅಂಟಿರಬೇಕು ಇಲ್ಲಾ ಕನೆಕ್ಟರ್ ವಿಶೇಷದ್ದಾಗಿರಬೇಕು ಅಂತ ಅವರ ಭಾಗ 15ರ ನಿಯಮ. ಕಂಪನಿಗಳು ಪಿನ್ ತಿರುಗಿಸಿ ಇಗೋ ವಿಶೇಷ ಅಂದ್ವು. ಈಗ ಆ ವಿಶೇಷ ಕನೆಕ್ಟರ್ ಎಲ್ಲಾ ಕಡೆ ಸಿಗುತ್ತೆ, ನಿಯಮದ ಉದ್ದೇಶ ಗಾಳಿಗೆ ಹೋಯ್ತು, ಗೊಂದಲ ಮಾತ್ರ ನಮ್ಮ ಪಾಲಿಗೆ ಉಳೀತು.

ಕನ್ವರ್ಟರ್ ಸಿಗುತ್ತೆ, ಒಂದು ಹಾಕ್ಕೊಂಡ್ರೆ ತೊಂದ್ರೆ ಇಲ್ಲ. ಆದ್ರೆ ಒಂದರ ಹಿಂದೆ ಒಂದು ಮೂರು ನಾಲ್ಕು ಸೇರಿಸಿ ರೈಲು ಮಾಡ್ಬೇಡಿ, ಪ್ರತಿ ಜೋಡಣೆಯೂ ಸ್ವಲ್ಪ ಸ್ವಲ್ಪ ನಷ್ಟ ಮತ್ತು ಮುಂದೆ ಸಡಿಲ ಆಗೋಕೆ ಇನ್ನೊಂದು ಜಾಗ. ಎಸ್‌ಎಂಎನ ಬೆರಳಲ್ಲಿ ಬಿಗಿ ಮಾಡಿ ಆಮೇಲೆ ಸ್ಪಾನರ್‌ನಲ್ಲಿ ಚೂರು ತಿರುಗಿಸಿದ್ರೆ ಸಾಕು, ಹಿತ್ತಾಳೆದಕ್ಕೆ ಅರ್ಧ ನ್ಯೂಟನ್ ಮೀಟರ್ ಆಸುಪಾಸು ಅಷ್ಟೇ ಬಿಗಿ ಬೇಕಾಗಿರೋದು. ತಿರುಗಿಸುವಾಗ ನಟ್ ಮಾತ್ರ ತಿರುಗಬೇಕು, ಆಂಟೆನಾ ಅಥವಾ ಕೇಬಲ್ ಅಲ್ಲ.

ಪ್ರಶ್ನೆ: ನನ್ನ ಆಕ್ಸೆಸ್ ಪಾಯಿಂಟ್‌ಗೆ ಮೂರು ಆಂಟೆನಾ ಪೋರ್ಟ್ ಇದೆ. ಒಂದಕ್ಕೆ ದೊಡ್ಡ ಆಂಟೆನಾ ಹಾಕಿ ಉಳಿದ ಎರಡು ಖಾಲಿ ಬಿಟ್ರೆ ನಡೆಯುತ್ತಾ? ಅಥವಾ ಮೂರನ್ನೂ ಮೂರು ಕೋಣೆಗೆ ಎಳೆದ್ರೆ ಮೂರೂ ಕಡೆ ಕವರೇಜ್ ಸಿಗುತ್ತಲ್ವಾ?

ಉತ್ತರ: ಎರಡನೇ ಐಡಿಯಾ ಮೊದಲು ಬಿಟ್ಬಿಡಿ. ಎಂಐಎಂಒ ಅಂದ್ರೆ ಮೂರೂ ಆಂಟೆನಾಗಳು ಒಂದೇ ಫೋನ್‌ನ ಒಟ್ಟಿಗೆ ಕೇಳಿಸಿಕೊಳ್ಳಬೇಕು, ಮೂರೂ ಒಟ್ಟಿಗೆ ಬೇರೆ ಬೇರೆ ಡೇಟಾ ಕಳಿಸಬೇಕು. ಒಂದೊಂದನ್ನ ಒಂದೊಂದು ಕೋಣೇಲಿಟ್ರೆ ಯಾವ ಕೋಣೆಯಲ್ಲೂ ಪೂರ್ತಿ ಸಿಗ್ನಲ್ ಇರಲ್ಲ, ಒಂದು ಕೋಣೆಯವರು ಕಳಿಸ್ತಿರೋದು ಇನ್ನೊಂದು ಕೋಣೆಯವರಿಗೆ ಕೇಳಿಸದೆ ಇಬ್ಬರೂ ಒಟ್ಟಿಗೆ ಮಾತಾಡಿ ಗಲಾಟೆ ಆಗುತ್ತೆ. ಮೂರು ಕೋಣೆಗೆ ಮೂರು ಆಕ್ಸೆಸ್ ಪಾಯಿಂಟ್ ಬೇಕು.

ಒಂದೇ ಆಂಟೆನಾ ಹಾಕಿದ್ರೆ ನಡೆಯುತ್ತೆ, ಆದ್ರೆ ಸ್ಪೀಡ್ ಕುಸಿಯುತ್ತೆ, ಯಾಕಂದ್ರೆ ಖಾಲಿ ಪೋರ್ಟ್‌ಗಳಿಗೂ ರೇಡಿಯೋ ಪವರ್ ಹಂಚಿ ಕಳಿಸ್ತಾನೇ ಇರುತ್ತೆ. ಸೆಟ್ಟಿಂಗ್‌ನಲ್ಲಿ ಚೈನ್ (ಆ ಪೋರ್ಟ್‌ನ ರೇಡಿಯೋ ಭಾಗ) ಆಫ್ ಮಾಡೋ ಅವಕಾಶ ಇದ್ರೆ ಆಫ್ ಮಾಡಿ, ಇಲ್ಲಾಂದ್ರೆ ಪವರ್ ಹೀರಿಕೊಳ್ಳೋ 50 ಓಮ್ ಟರ್ಮಿನೇಟರ್ ಹಾಕಿ. ಸರಿಯಾದ್ದು ಅಂದ್ರೆ ಒಂದೇ ಡಬ್ಬದೊಳಗೆ ಎರಡು, ಮೂರು, ನಾಲ್ಕು ಎಲಿಮೆಂಟ್ ಇದ್ದು ಅಷ್ಟೇ ಕೇಬಲ್ ಹೊರಗೆ ಬಂದಿರೋ ಆಂಟೆನಾ ತಗೊಳ್ಳೋದು. ಎರಡು ಪೋರ್ಟ್ ಪ್ಯಾನೆಲ್‌ಗಳಲ್ಲಿ ಒಂದು ಎಲಿಮೆಂಟ್ ಬಲಕ್ಕೆ 45 ಡಿಗ್ರಿ, ಇನ್ನೊಂದು ಎಡಕ್ಕೆ 45 ಡಿಗ್ರಿ ವಾಲಿರುತ್ತೆ, ಎರಡು ಸಿಗ್ನಲ್ ಒಂದಕ್ಕೊಂದು ಬೆರೆಯದೆ ಇರ್ಲಿ ಅಂತ. ಎಲ್ಲಾ ಕೇಬಲ್ಲೂ ಒಂದೇ ಜಾತಿ ಒಂದೇ ಉದ್ದ ಇರ್ಲಿ. ಇನ್ನೊಂದು ವಿಷಯ, ಕೆಲವು ಡಬ್ಬಗಳಲ್ಲಿ ಕೆಲವು ಪೋರ್ಟ್ 2.4ಕ್ಕೆ ಮಾತ್ರ, ಕೆಲವು 5ಕ್ಕೆ ಮಾತ್ರ ಇರುತ್ತೆ, ಪೋರ್ಟ್ ಪಕ್ಕ ಬರೆದಿರೋದು ಓದದೆ ಸಿಗಿಸ್ಬೇಡಿ.

ಪ್ರಶ್ನೆ: ಟಿವಿ ಡಿಶ್‌ಗೆ ಹಾಕೋ ಕೇಬಲ್ ಮನೇಲಿ ಬೇಕಾದಷ್ಟು ಬಿದ್ದಿದೆ. ಅದು 75 ಓಮ್, ರೂಟರ್ 50 ಓಮ್. ಹಾಕಿದ್ರೆ ರೂಟರ್ ಸುಟ್ಟು ಹೋಗುತ್ತೆ ಅಂತ ಹೇಳ್ತಾರೆ.

ಉತ್ತರ: ಸುಟ್ಟು ಹೋಗಲ್ಲ. 50ಕ್ಕೆ 75 ಸಿಗಿಸಿದ್ರೆ ಆ ಜೋಡಣೆಯಲ್ಲಿ ವಿಎಸ್‌ಡಬ್ಲ್ಯುಆರ್ (ಎಷ್ಟು ಪವರ್ ವಾಪಸ್ ಬರುತ್ತೆ ಅನ್ನೋ ಅಳತೆ, 1 ಅಂದ್ರೆ ಏನೂ ಬರಲ್ಲ) 1.5, ಅಂದ್ರೆ 100ರಲ್ಲಿ 4 ಭಾಗ ಪವರ್ ವಾಪಸ್ ಬರುತ್ತೆ, ನಷ್ಟ 0.2 ಡಿಬಿನೂ ಇಲ್ಲ. ಎರಡು ತುದಿಯಲ್ಲೂ ಹಾಗೆ ಆಗೋದ್ರಿಂದ ಉದ್ದ ಮತ್ತು ಫ್ರೀಕ್ವೆನ್ಸಿ ನೋಡ್ಕೊಂಡು ಅದು ಇನ್ನಷ್ಟು ಕೆಡಬಹುದು, ಆದ್ರೂ ಪ್ರಳಯ ಏನಲ್ಲ. ನಿಜವಾದ ತೊಂದರೆ ಕನೆಕ್ಟರ್‌ದು, ಟಿವಿ ಕೇಬಲ್‌ನ ಎಫ್ ಕನೆಕ್ಟರ್‌ನಿಂದ ಎಸ್‌ಎಂಎಗೆ ಬರೋಕೆ ಎರಡು ಮೂರು ಕನ್ವರ್ಟರ್ ಬೇಕಾಗುತ್ತೆ, ಅವು ಕುಲುಕಾಡ್ತವೆ. ಪ್ರಯೋಗಕ್ಕೆ ಮಾಡಿ ನೋಡಿ, ಖಾಯಂ ಮಾಡ್ಬೇಡಿ. ಜಾಸ್ತಿ ಪವರ್‌ನ ಮೊಬೈಲ್ ಬೇಸ್ ಸ್ಟೇಷನ್‌ಗಳಿಗೆ ಮಾತ್ರ ಕೈ ಹಾಕ್ಲೇಬೇಡಿ.

ಪ್ರಶ್ನೆ: ಆಂಟೆನಾ ಇಲ್ಲದೆ ಆನ್ ಮಾಡಿದ್ರೆ?

ಉತ್ತರ: ಹೋಗೋಕೆ ದಾರಿ ಇಲ್ಲದ ಪವರ್ ಎಲ್ಲಾ ವಾಪಸ್ ಬಂದು ಕೊನೆಯ ಆಂಪ್ಲಿಫೈಯರ್ ಮೇಲೆ ಬೀಳುತ್ತೆ. ಮನೆ ವೈಫೈನ 100 ಮಿಲಿವಾಟ್‌ಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆದ್ರೂ ಅಭ್ಯಾಸ ಒಳ್ಳೇದಲ್ಲ. ಪೋರ್ಟ್‌ಗೆ 40 ವಾಟ್ ಕೊಡೋ ಬೇಸ್ ಸ್ಟೇಷನ್ ರೇಡಿಯೋ ಆದ್ರೆ ಕಥೆ ಬೇರೆ, ಅದು ವಾಪಸ್ ಬರೋದನ್ನ ತಾನೇ ಅಳೆದು ವಿಎಸ್‌ಡಬ್ಲ್ಯುಆರ್ ಅಲಾರಂ ಕೊಟ್ಟು ಪೋರ್ಟ್ ಬಂದ್ ಮಾಡುತ್ತೆ, ಆ ರಕ್ಷಣೆ ಇದೆ ಅಂತ ಬೇಕಂತ್ಲೇ ಬಿಚ್ಚಬಾರದು. ಆನ್ ಇರೋವಾಗ ಆ ಕನೆಕ್ಟರ್ ಬಿಚ್ಚಿದ್ರೆ ಕಿಡಿ ಹಾರಿ ಪಿನ್ ಸುಡುತ್ತೆ, ಕೈಯೂ ಸುಡುತ್ತೆ. ಮೊದಲು ಸಾಫ್ಟ್‌ವೇರ್‌ನಲ್ಲಿ ಸೆಲ್ ಲಾಕ್ ಮಾಡಿಸಿ (ಅಂದ್ರೆ ಸಿಗ್ನಲ್ ಕಳಿಸೋದು ನಿಲ್ಲಿಸಿ), ಆಮೇಲೆ ಸ್ಪಾನರ್ ಎತ್ತಿ. ಟೆಸ್ಟಿಂಗ್‌ಗೆ ಆಂಟೆನಾ ಇಲ್ಲ ಅಂದ್ರೆ ಅದರ ಬದಲು ಪವರ್ ಹೀರಿಕೊಳ್ಳೋ, ಅಷ್ಟು ವಾಟ್ ತಡೆಯೋ ಡಮ್ಮಿ ಲೋಡ್ ಹಾಕಿ.

ಪ್ರಶ್ನೆ: ಅಣ್ಣಾ, ನಮ್ಮ ಸಂಸ್ಥೆಯ ಕ್ಯಾಂಪಸ್‌ನಲ್ಲಿ 20 ಮೀಟರ್ ಕಂಬದ ತುದಿಗೆ 8 ಡಿಬಿಐ ಓಮ್ನಿ ಹಾಕಿದ್ವಿ. ಅರ್ಧ ಕಿಲೋಮೀಟರ್ ದೂರದ ಕಟ್ಟಡಕ್ಕೆ ಚೆನ್ನಾಗಿ ಬರ್ತಿದೆ, ಕಂಬದ ಬುಡದಲ್ಲಿರೋ ಆಫೀಸ್‌ಗೆ ಬರ್ತಿಲ್ಲ. ಉಲ್ಟಾ ಆಗ್ಬೇಕಿತ್ತಲ್ವಾ?

ಉತ್ತರ: ಆಗ್ಬೇಕಾಗಿದ್ದೇ ಆಗಿದೆ. ಆಂಟೆನಾ ಪವರ್ ಹುಟ್ಟಿಸಲ್ಲ, ಇರೋದನ್ನ ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆಗೆ ಹಾಕುತ್ತೆ. ಓಮ್ನಿ ಅಂದ್ರೆ ಸುತ್ತಲೂ ಸಮನಾಗಿ ಕಳಿಸೋ ಆಂಟೆನಾ, ಅದಕ್ಕೆ ಡಿಬಿಐ ಜಾಸ್ತಿ ಮಾಡೋದು ಅಂದ್ರೆ ಮೇಲೆ ಕೆಳಗೆ ಹೋಗ್ತಿದ್ದಿದ್ದನ್ನ ಕಿತ್ತು ಸುತ್ತಲೂ ದೂರಕ್ಕೆ ತಳ್ಳೋದು. 8 ಡಿಬಿಐ ಓಮ್ನಿಗೆ ಲಂಬವಾಗಿ ಬೀಮ್ ಅಗಲ ಸುಮಾರು 15 ಡಿಗ್ರಿ ಇರುತ್ತೆ, ಅಂದ್ರೆ ಅಡ್ಡ ಗೆರೆಯಿಂದ ಕೆಳಗೆ ಏಳೂವರೆ ಡಿಗ್ರಿ ಮಾತ್ರ. 20 ಮೀಟರ್ ಎತ್ತರದಿಂದ ಏಳೂವರೆ ಡಿಗ್ರಿ ಕೆಳಗೆ ಗೆರೆ ಎಳೆದ್ರೆ ಅದು ನೆಲ ಮುಟ್ಟೋದು ಸುಮಾರು 150 ಮೀಟರ್ ಆಚೆ. ಅದರೊಳಗೆ ಇರೋರಿಗೆ ಸಿಗೋದು ಚೆಲ್ಲಿದ್ದು ಸೋರಿದ್ದು.

ಹಾಗಂತ ಬುಡದಲ್ಲಿ ಪೂರ್ತಿ ಶೂನ್ಯ ಅಲ್ಲ, ದೂರ ಕಮ್ಮಿ ಇರೋದ್ರಿಂದ ಆ ಸೋರಿದ್ದೇ ಎಷ್ಟೋ ಸಲ ಸಾಕಾಗುತ್ತೆ, ಆದ್ರೆ ಬೀಮ್‌ಗಳ ಮಧ್ಯೆ ಪೂರ್ತಿ ಸತ್ತ ಕೋನಗಳು ಇರ್ತವೆ, ನಿಮ್ಮ ಆಫೀಸ್ ಅಂಥದ್ದರಲ್ಲಿ ಕೂತಿರಬಹುದು, ಮೇಲೆ ಕಾಂಕ್ರೀಟ್ ಛಾವಣಿ ಬೇರೆ. ಆಂಟೆನಾನ ಕೆಳಗೆ 8 ಮೀಟರ್‌ಗೆ ಇಳಿಸಿ ನೋಡಿ, ಆಗ ಅದೇ ಗೆರೆ 60 ಮೀಟರ್‌ಗೆ ನೆಲ ಮುಟ್ಟುತ್ತೆ. ದೂರದ ಕಟ್ಟಡಕ್ಕೆ ಅಡ್ಡ ಮರ ಬಂದ್ರೆ ಅದಕ್ಕೆ ಬೇರೆ ಪ್ಯಾನೆಲ್ ಇಟ್ಟು ಪಾಯಿಂಟ್ ಟು ಪಾಯಿಂಟ್ ಲಿಂಕ್ ಮಾಡಿ, ಆಫೀಸ್‌ಗೆ ಒಳಗಡೆನೇ ಸಣ್ಣ ಆಕ್ಸೆಸ್ ಪಾಯಿಂಟ್ ಕೊಡಿ. ಒಂದೇ ಆಂಟೆನಾದಲ್ಲಿ ಎರಡೂ ಕೆಲಸ ಮಾಡಿಸೋ ಆಸೆ ಬಿಡಿ. ಮೊಬೈಲ್ ಟವರ್‌ನವರು ಓಮ್ನಿ ಬಿಟ್ಟು ಒಂದು ಕಡೆಗೆ ಮಾತ್ರ ಕಳಿಸೋ ಸೆಕ್ಟರ್ ಆಂಟೆನಾ ಹಾಕಿ ಅದನ್ನ ಕೆಲವು ಡಿಗ್ರಿ ಕೆಳಗೆ ವಾಲಿಸೋದು ಇದಕ್ಕೇ, ಓಮ್ನಿಯನ್ನ ವಾಲಿಸಿದ್ರೆ ಒಂದು ಕಡೆ ನೆಲಕ್ಕೆ, ಇನ್ನೊಂದು ಕಡೆ ಆಕಾಶಕ್ಕೆ.

ಅಂದಹಾಗೆ ಡಬ್ಬದ ಮೇಲೆ ಡಿಬಿಡಿ (ಡೈಪೋಲ್ ಅನ್ನೋ ಸರಳ ಆಂಟೆನಾಗೆ ಹೋಲಿಸಿದ ಗೇನ್) ಅಂತ ಬರೆದಿದ್ರೆ ಅದಕ್ಕೆ 2.15 ಸೇರಿಸಿದ್ರೆ ಡಿಬಿಐ ಆಗುತ್ತೆ. ಬರೀ ಡಿಬಿ ಅಂತ ಬರೆದಿದ್ರೆ ಅದನ್ನ ಬಿಟ್ಟು ಬೇರೆ ನೋಡಿ. ಒಂದು ಗೇಣುದ್ದದ ಓಮ್ನಿ ಕಡ್ಡಿಗೆ 2.4ರಲ್ಲಿ 18 ಡಿಬಿಐ ಅಂತ ಬರೆದು ಮಾರೋರೂ ಇದ್ದಾರೆ, ಅಷ್ಟು ಚಿಕ್ಕದರಲ್ಲಿ ಅಷ್ಟು ಗೇನ್ ಬರಲ್ಲ, ಸಾಧ್ಯಾನೇ ಇಲ್ಲ.

ಪ್ರಶ್ನೆ: ಆಂಟೆನಾ ಜೊತೆ ಒಂದು ಬೂಸ್ಟರ್ ಆಂಪ್ಲಿಫೈಯರ್ ಸೇರಿಸಿದ್ರೆ ಎಲ್ಲಾ ಸರಿ ಹೋಗಲ್ವಾ?

ಉತ್ತರ: ನಿಮ್ಮ ದನಿ ಮಾತ್ರ ಜೋರಾಗುತ್ತೆ, ಎದುರಿನವರದ್ದಲ್ಲ. ಫೋನ್‌ನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಕಾಣುತ್ತೆ, ಆದ್ರೆ ಫೋನ್ ಕಳಿಸೋ ಹತ್ತಾರು ಮಿಲಿವಾಟ್ ವಾಪಸ್ ತಲುಪದೆ ಪೇಜ್ ತೆರೆಯಲ್ಲ. ಆಂಟೆನಾ ಗೇನ್ ಎರಡೂ ದಿಕ್ಕಿಗೆ ಲಾಭ ಕೊಡುತ್ತೆ, ಪವರ್ ಒಂದೇ ದಿಕ್ಕಿಗೆ.

ಕಾನೂನೂ ಇದೆ. ಬಹಳಷ್ಟು ದೇಶಗಳಲ್ಲಿ ಮಿತಿ ಹಾಕೋದು ಇಐಆರ್‌ಪಿ ಮೇಲೆ, ಅಂದ್ರೆ ರೇಡಿಯೋ ಪವರ್‌ಗೆ ಆಂಟೆನಾ ಗೇನ್ ಸೇರಿಸಿ ಕೇಬಲ್ ನಷ್ಟ ಕಳೆದು ಬರೋ ಮೊತ್ತ. 20 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿದ ಡಿಬಿ ಲೆಕ್ಕ, ಅಂದ್ರೆ 100 ಮಿಲಿವಾಟ್) ರೇಡಿಯೋ, 9 ಡಿಬಿಐ ಆಂಟೆನಾ, 2 ಡಿಬಿ ಕೇಬಲ್ ಅಂದ್ರೆ 27 ಡಿಬಿಎಂ, ಅರ್ಧ ವಾಟ್. 2.4 ಗಿಗಾಹರ್ಟ್ಸ್ ವೈಫೈಗೆ ಯುರೋಪ್‌ನಲ್ಲಿ ಮಿತಿ 100 ಮಿಲಿವಾಟ್, ಅಲ್ಲಿ ಇದು ಐದು ಪಟ್ಟು ಮೀರಿತು. ಅಮೆರಿಕದಲ್ಲಿ ಸಾಮಾನ್ಯವಾಗಿ 4 ವಾಟ್‌ವರೆಗೆ ಇದೆ, ಅಲ್ಲಿ ಸರಿ. ನೀವಿರೋ ಕಡೆಯ ಮಿತಿ ನೋಡ್ಕೊಳ್ಳಿ, ಮತ್ತು ಉಪಕರಣದ ಸೆಟ್ಟಿಂಗ್‌ನಲ್ಲಿ ಆಂಟೆನಾ ಗೇನ್ ಅಂತ ಒಂದು ಜಾಗ ಇದ್ರೆ ಸುಳ್ಳು ಹೇಳದೆ ತುಂಬಿ, ಅದು ತಾನೇ ಪವರ್ ಇಳಿಸಿಕೊಳ್ಳುತ್ತೆ. ಮೊಬೈಲ್ ನೆಟ್‌ವರ್ಕ್ ಬೂಸ್ಟರ್ ಕೇಳಿದವರಿಗೆ ಒಂದೇ ಮಾತು, ಆಪರೇಟರ್ ಒಪ್ಪಿಗೆ ಇಲ್ಲದ್ದನ್ನ ಹಾಕ್ಬೇಡಿ, ಅದು ಇಡೀ ಏರಿಯಾದ ಟವರ್‌ಗೆ ನಾಯ್ಸ್ ತುಂಬುತ್ತೆ.

ಪ್ರಶ್ನೆ: ಬೇಸಿಗೇಲಿ ಹಾಕಿದ ಲಿಂಕ್ ಮಳೆಗಾಲ ಬಂದ ಮೇಲೆ ವಾರ ವಾರಕ್ಕೂ ಕೆಡ್ತಾ ಬಂತು, ಈಗ ಮಳೆ ನಿಂತ್ರೂ ಸರಿ ಹೋಗ್ತಿಲ್ಲ. ಸಿಡಿಲಿಗೆ ಏನು ಮಾಡ್ಬೇಕು ಅನ್ನೋದೂ ಹೇಳಿ.

ಉತ್ತರ: ನೀರು ಒಳಗೆ ಹೋಗಿದೆ. ಕನೆಕ್ಟರ್ ಸಂದಿಯಿಂದ ಇಳಿದ ನೀರು ಕೇಬಲ್ ಹೆಣಿಗೆಯೊಳಗೆ ಬತ್ತಿ ಎಣ್ಣೆ ಹೀರೋ ಹಾಗೆ ಮೀಟರ್‌ಗಟ್ಟಲೆ ಹತ್ತುತ್ತೆ, ತಾಮ್ರ ಹಸಿರಾಗುತ್ತೆ, ಒಣಗಿಸಿದ್ರೂ ಮೊದಲಿನ ಹಾಗಾಗಲ್ಲ. ತುದಿ ಕತ್ತರಿಸಿ ನೋಡಿ, ಒಳಗೆ ಬಣ್ಣ ಕೆಟ್ಟಿದ್ರೆ ಕೇಬಲ್ ಪೂರ್ತಿ ಬದಲಾಯಿಸಿ, ಹೊಸ ಕನೆಕ್ಟರ್ ಮಾತ್ರ ಹಾಕಿ ದುಡ್ಡು ಕಳೀಬೇಡಿ.

ಹೊಸದು ಹಾಕುವಾಗ ಕನೆಕ್ಟರ್ ಬಿಗಿ ಮಾಡಿದ ಮೇಲೆ ಒಂದು ಪದರ ಪಿವಿಸಿ ಟೇಪ್, ಅದರ ಮೇಲೆ ತನಗೆ ತಾನೇ ಅಂಟಿಕೊಳ್ಳೋ ರಬ್ಬರ್ ಟೇಪ್ ಎಳೆದು ಎಳೆದು ಸುತ್ತಿ, ಅದರ ಮೇಲೆ ಬಿಸಿಲು ತಡೆಯೋ ಪಿವಿಸಿ ಟೇಪ್. ಒಳಗಿನ ಮೊದಲ ಪದರ ಇದ್ರೆ ಮುಂದೆ ಬಿಚ್ಚುವಾಗ ರಬ್ಬರ್ ಗೋಂದು ಥ್ರೆಡ್‌ಗೆ ಹತ್ತಲ್ಲ. ಹೊರ ಪದರ ಕೆಳಗಿಂದ ಮೇಲಕ್ಕೆ ಸುತ್ತಬೇಕು, ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತು ನೀರು ಜಾರುತ್ತೆ. ಮೇಲಿಂದ ಕೆಳಕ್ಕೆ ಸುತ್ತಿದ್ರೆ ಪ್ರತಿ ಸುತ್ತೂ ನೀರು ಹಿಡಿಯೋ ತೊಟ್ಟಿ. ಬರೀ ಸಿಲಿಕಾನ್ ಮೆತ್ತಿ ಬಿಡೋದು ಬೇಡ, ಕೆಲವು ಬಗೆಯ ಸಿಲಿಕಾನ್ ಒಣಗುವಾಗ ಬಿಡೋ ಆಮ್ಲ ಲೋಹ ತಿನ್ನುತ್ತೆ. ಕೇಬಲ್ ಗೋಡೆಯೊಳಗೆ ಹೋಗೋ ಮುಂಚೆ ಕೆಳಗೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಬಿದ್ದು ಹೋಗ್ಲಿ. ಓಮ್ನಿ ಆಂಟೆನಾ ಬುಡದಲ್ಲಿ ಪುಟ್ಟ ತೂತಿದ್ರೆ ಅದನ್ನ ಮುಚ್ಚಬೇಡಿ, ಒಳಗೆ ಸೇರೋ ತೇವ ಹೊರಗೆ ಹೋಗೋಕೆ ಅಂತಲೇ ಇಟ್ಟಿರೋದು.

ಸಿಡಿಲು ನೇರ ಬಡಿದ್ರೆ ಯಾವ ಅರೆಸ್ಟರ್ ಕೂಡ ರೇಡಿಯೋನ ಉಳಿಸುತ್ತೆ ಅಂತ ಗ್ಯಾರಂಟಿ ಇಲ್ಲ. ಹತ್ತಿರದಲ್ಲೆಲ್ಲೋ ಬಡಿದಾಗ ಕೇಬಲ್‌ನಲ್ಲಿ ಏಳೋ ವೋಲ್ಟೇಜ್‌ಗೆ ಅರೆಸ್ಟರ್ ಇರೋದು. ಒಳಗೆ ಅನಿಲ ತುಂಬಿದ ಪುಟ್ಟ ಟ್ಯೂಬ್, ವೋಲ್ಟೇಜ್ ಮಿತಿ ಮೀರಿದ್ರೆ ಅದು ಹೊತ್ತಿಕೊಂಡು ಎಲ್ಲಾ ಅರ್ಥಿಂಗ್‌ಗೆ ಇಳಿಸುತ್ತೆ. ಅರ್ಥಿಂಗ್ ಇಲ್ಲದ ಅರೆಸ್ಟರ್ ಒಂದು ಅಲಂಕಾರ. ಕೇಬಲ್ ಕಟ್ಟಡದೊಳಗೆ ಹೋಗೋ ಜಾಗದಲ್ಲಿ ಹಾಕಿ, ಅರ್ಥ್ ವೈರ್ ದಪ್ಪಗೆ, ಚಿಕ್ಕದಾಗಿ, ಸುರುಳಿ ಇಲ್ಲದೆ ನೇರ ಇರ್ಲಿ. ಕಂಬದ ಅರ್ಥಿಂಗ್ ಮತ್ತು ಕಟ್ಟಡದ ಎಲೆಕ್ಟ್ರಿಕ್ ಅರ್ಥಿಂಗ್ ಬೇರೆ ಬೇರೆ ಬಿಟ್ರೆ ಸಿಡಿಲಿನ ಹೊತ್ತಲ್ಲಿ ಎರಡರ ಮಧ್ಯೆ ಸಾವಿರಾರು ವೋಲ್ಟ್ ವ್ಯತ್ಯಾಸ ಬಂದು ಅದು ನಿಮ್ಮ ರೂಟರ್ ಮೂಲಕನೇ ಹರಿಯುತ್ತೆ, ಹಾಗಾಗಿ ಎಲೆಕ್ಟ್ರಿಷಿಯನ್ ಕರೆಸಿ ಎರಡನ್ನೂ ಸೇರಿಸಿಸಿ. ರೇಡಿಯೋ ಮೇಲಿಟ್ಟು ಈಥರ್ನೆಟ್ ಎಳೆದವರಿಗೆ ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಬೇಕು, ಆ ತಾಮ್ರವೂ ತಾಮ್ರಾನೇ.

ಪ್ರಶ್ನೆ: ನಾನು ಟವರ್ ಕೆಲಸ ಮಾಡ್ತೀನಿ ಸರ್. ಒಂದು 1800 ಬ್ಯಾಂಡ್ ಸೈಟ್‌ನಲ್ಲಿ ವಿಎಸ್‌ಡಬ್ಲ್ಯುಆರ್ 1.2 ಬರ್ತಿದೆ, ಅಲಾರಂ ಇಲ್ಲ, ಆದ್ರೂ ಅಪ್‌ಲಿಂಕ್‌ನಲ್ಲಿ (ಫೋನಿಂದ ಟವರ್‌ಗೆ ಬರೋ ಕಡೆ) ನಾಯ್ಸ್ ಜಾಸ್ತಿ ಅಂತ ಕಂಪ್ಲೇಂಟ್. ಟ್ರಾಫಿಕ್ ಜಾಸ್ತಿ ಇದ್ದಾಗ ಇನ್ನೂ ಜಾಸ್ತಿ, ರಾತ್ರಿ ಕಮ್ಮಿ.

ಉತ್ತರ: ಟ್ರಾಫಿಕ್ ಜೊತೆ ಏರಿ ಇಳಿಯೋ ನಾಯ್ಸ್ ಅಂದ್ರೆ ಮೊದಲ ಅನುಮಾನ ಪಿಮ್ (ಪ್ಯಾಸಿವ್ ಇಂಟರ್‌ಮಾಡ್ಯುಲೇಷನ್) ಮೇಲೆ. ಸ್ವಲ್ಪ ಬಿಡಿಸಿ ಹೇಳ್ತೀನಿ, ಹೊಸದಾಗಿ ಈ ಕೆಲಸಕ್ಕೆ ಬಂದವರು ವಿಎಸ್‌ಡಬ್ಲ್ಯುಆರ್ ಸರಿ ಇದೆ ಅಂತ ಇಳಿದು ಬಂದ್ಬಿಡ್ತಾರೆ.

ಎರಡು ಜೋರಾದ ಫ್ರೀಕ್ವೆನ್ಸಿಗಳು ಒಂದು ಕೆಟ್ಟ ಲೋಹದ ಸಂಧಿ ದಾಟಿದ್ರೆ ಅಲ್ಲಿ ಹೊಸ ಫ್ರೀಕ್ವೆನ್ಸಿಗಳು ಹುಟ್ತವೆ. ಮೂರನೇ ದರ್ಜೆಯದ್ದು ಅಂದ್ರೆ ಮೊದಲನೇದರ ಎರಡು ಪಟ್ಟಿನಿಂದ ಎರಡನೇದು ಕಳೆದದ್ದು. ನಿಮ್ಮ ಬ್ಯಾಂಡ್‌ನಲ್ಲಿ ಟವರ್ ಕಳಿಸೋದು 1805ರಿಂದ 1880 ಮೆಗಾಹರ್ಟ್ಸ್, ಕೇಳಿಸಿಕೊಳ್ಳೋದು 1710ರಿಂದ 1785. 1810 ಮತ್ತು 1870 ಎರಡೂ ಒಂದೇ ಕೇಬಲ್‌ನಲ್ಲಿ ಹೋಗ್ತಿವೆ ಅಂದ್ಕೊಳ್ಳಿ, 1810ರ ಎರಡು ಪಟ್ಟು 3620, ಅದರಲ್ಲಿ 1870 ಕಳೆದ್ರೆ 1750. ಸರಿಯಾಗಿ ನಿಮ್ಮ ಕಿವಿಯೊಳಗೆ. ಫಿಲ್ಟರ್ ಹಾಕಿ ತೆಗೆಯೋಕೂ ಆಗಲ್ಲ, ಫೋನ್‌ಗಳು ಮಾತಾಡೋ ಜಾಗಾನೂ ಅದೇ.

ಎಷ್ಟು ಚಿಕ್ಕ ಪವರ್ ಸಾಕು ನೋಡಿ. ಪಿಮ್ ಟೆಸ್ಟರ್‌ನಲ್ಲಿ 20 ವಾಟ್‌ನ ಎರಡು ಸಿಗ್ನಲ್ ಕೊಟ್ಟು ಅಳೀತಾರೆ, ಅಂದ್ರೆ ಒಂದೊಂದೂ 43 ಡಿಬಿಎಂ. ಒಳ್ಳೆ ಕನೆಕ್ಟರ್, ಆಂಟೆನಾಗಳಿಗೆ ಮೈನಸ್ 150 ಡಿಬಿಸಿ ಅಥವಾ ಅದಕ್ಕಿಂತ ಒಳ್ಳೇದು ಕೇಳ್ತಾರೆ, ಅಂದ್ರೆ ಕಳಿಸಿದ್ದರ ಹತ್ತು ಕೋಟಿ ಕೋಟಿ ಭಾಗದಲ್ಲಿ ಒಂದು, ಮೈನಸ್ 107 ಡಿಬಿಎಂ. 10 ಮೆಗಾಹರ್ಟ್ಸ್ ಅಗಲದ ರಿಸೀವರ್‌ಗೆ ಪ್ರಕೃತಿಯೇ ಕೊಡೋ ಉಷ್ಣ ನಾಯ್ಸ್ ಮೈನಸ್ 104 ಸುಮಾರು. ಆ ಒಳ್ಳೆ ಕನೆಕ್ಟರ್‌ಗಿಂತ 20 ಡಿಬಿ ಕೆಟ್ಟ ಒಂದು ಸಂಧಿ ಇದ್ರೂ ಪಿಮ್ ಮೈನಸ್ 87ಕ್ಕೆ ಬಂತು, ದೂರದ ಫೋನ್‌ಗಳೆಲ್ಲಾ ಮುಳುಗಿದ್ವು. ವಿಎಸ್‌ಡಬ್ಲ್ಯುಆರ್ ಮೀಟರ್‌ಗೆ ಇದು ಕಾಣಲ್ಲ, ಅದು ಎಷ್ಟು ಪವರ್ ವಾಪಸ್ ಬಂತು ಅಂತ ಮಾತ್ರ ನೋಡೋದು. ಚೂರು ಸಡಿಲ ಇರೋ ಕನೆಕ್ಟರ್‌ನಿಂದ ಪವರ್ ಚೆನ್ನಾಗೇ ದಾಟುತ್ತೆ, ಪಿಮ್ ಮಾತ್ರ ಕಿರುಚ್ತಾ ಇರುತ್ತೆ.

ಹುಡುಕೋದು ಹೇಗೆ ಅಂದ್ರೆ ಟೆಸ್ಟರ್ ಓಡ್ತಿರುವಾಗ ಒಂದೊಂದು ಕನೆಕ್ಟರ್‌ನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಟ್ಟಿ, ಕೇಬಲ್ ಚೂರು ಅಲ್ಲಾಡಿಸಿ. ಯಾವುದನ್ನ ತಟ್ಟಿದಾಗ ಅಂಕಿ ಜಿಗಿಯುತ್ತೋ ಅದೇ ಕಳ್ಳ. ಬಿಚ್ಚಿ ನೋಡಿದ್ರೆ ಕೇಬಲ್ ಕತ್ತರಿಸಿದಾಗ ಬಿದ್ದ ತಾಮ್ರದ ಚೂರು, ಬೆರಳಿನ ಬೆವರು, ತುಕ್ಕು, ಗೀರು ಬಿದ್ದ ಸಂಪರ್ಕ ಮುಖ, ಇಂಥದ್ದೇ ಏನಾದ್ರೂ ಸಿಗುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಒರೆಸಿ. ಆಮೇಲೆ ಟಾರ್ಕ್ ರೆಂಚ್. 7/16 ಡಿನ್ ಕನೆಕ್ಟರ್‌ಗೆ 25ರಿಂದ 30 ನ್ಯೂಟನ್ ಮೀಟರ್, ಹೊಸ 4.3-10 ಸ್ಕ್ರೂ ಮಾದರಿಗೆ 5 ಸಾಕು. ಡಿನ್ ಕೈ ಅಭ್ಯಾಸದಲ್ಲಿ 4.3-10ನ ಬಿಗಿ ಮಾಡಿ ಮುರಿಯೋರು, 4.3-10 ಅಭ್ಯಾಸದಲ್ಲಿ ಡಿನ್‌ನ ಸಡಿಲ ಬಿಡೋರು ಇಬ್ಬರೂ ಇದ್ದಾರೆ, ಕಿಟ್‌ನಲ್ಲಿ ಎರಡು ರೆಂಚ್ ಇಟ್ಕೊಳ್ಳಿ.

ಕೇಬಲ್ ಎಲ್ಲಾ ಸರಿ ಇದ್ರೂ ಪಿಮ್ ಹೋಗಿಲ್ಲ ಅಂದ್ರೆ ಆಂಟೆನಾ ಮುಂದೆ ನೋಡಿ. ತುಕ್ಕು ಹಿಡಿದ ಕ್ಲಾಂಪ್, ಸಡಿಲ ಸರಪಳಿ, ತಗಡಿನ ಛಾವಣಿ, ಒಂದಕ್ಕೊಂದು ಉಜ್ಜೋ ಲೋಹದ ಪೈಪ್, ಇವೆಲ್ಲಾ ಹೊರಗಿಂದಲೇ ಪಿಮ್ ಹುಟ್ಟಿಸ್ತವೆ. ಆಂಟೆನಾನ ಬೇರೆ ದಿಕ್ಕಿಗೆ ತಿರುಗಿಸಿದಾಗ ಪಿಮ್ ಬಿದ್ರೆ ಕಾರಣ ಹೊರಗಿದೆ ಅಂತ ಖಾತ್ರಿ. ಪ್ಯಾನೆಲ್ ಮುಂದೆ ಹೋಗೋ ಮೊದಲು ಪವರ್ ಆಫ್ ಮಾಡಿಸೋದು ನಿಮಗೆ ಗೊತ್ತಿರೋದೇ. ಮನೆ ವೈಫೈ ಓದುಗರು ಈ ಪಿಮ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ನಿಮ್ಮ ಪವರ್‌ಗೆ ಅದು ಲೆಕ್ಕಕ್ಕಿಲ್ಲ.

ಪ್ರಶ್ನೆ: ನನ್ನ ರೂಟರ್‌ಗೆ ಹೊರಗೆ ಪೋರ್ಟ್ ಇಲ್ಲ, ಬಿಚ್ಚಿ ನೋಡಿದ್ರೆ ಒಳಗೆ ಗುಂಡಿ ತರ ಪುಟ್ಟ ಕನೆಕ್ಟರ್ ಇದೆ. ತೂತು ಕೊರೆದು ಹೊರಗೆ ತರಬಹುದಾ?

ಉತ್ತರ: ಅದು ಯು.ಎಫ್‌ಎಲ್ ಜಾತಿಯದ್ದು. 30 ಸಲ ಹಾಕಿ ತೆಗೆಯೋಕೆ ಮಾತ್ರ ಮಾಡಿರೋದು, ನೇರ ಮೇಲಕ್ಕೆ ಎತ್ತಿ ತೆಗೀಬೇಕು, ಪಕ್ಕಕ್ಕೆ ಬಗ್ಗಿಸಿದ್ರೆ ಬೋರ್ಡ್‌ನಿಂದ್ಲೇ ಕಿತ್ತು ಬರುತ್ತೆ. ಅದಕ್ಕಿಂತ ಚಿಕ್ಕದು ಎಂಎಚ್‌ಎಫ್4 ಅಂತ ಇದೆ, ಒಂದಕ್ಕೊಂದು ಕೂರಲ್ಲ. ಕೈ ಓಡೋರು ಮಾಡಬಹುದು, ವಾರಂಟಿ ಮತ್ತು ಆ ಉಪಕರಣದ ಸರ್ಟಿಫಿಕೇಟ್ ಎರಡೂ ಹೋಗುತ್ತೆ ಅನ್ನೋದು ನೆನಪಿರ್ಲಿ. ಬೀಮ್‌ಫಾರ್ಮಿಂಗ್ ಮಾಡೋ (ಆಂಟೆನಾಗಳನ್ನ ಸೇರಿಸಿ ಸಿಗ್ನಲ್‌ನ ಫೋನ್ ಕಡೆಗೆ ತಿರುಗಿಸೋ) ಎಂಟು ಆಂಟೆನಾದ ಡಬ್ಬ ಆದ್ರೆ ಮುಟ್ಟಬೇಡಿ, ಪೋರ್ಟ್ ಇರೋ ಮಾಡೆಲ್ ತಗೊಳ್ಳಿ.

ಪ್ರಶ್ನೆ: ಎರಡು ಸ್ಮಾಲ್ ಸೆಲ್‌ಗೆ (ಪುಟ್ಟ ಮೊಬೈಲ್ ಬೇಸ್ ಸ್ಟೇಷನ್) ಒಂದೇ ಜಿಪಿಎಸ್ ಆಂಟೆನಾ ಹಂಚೋಣ ಅಂತ ಮಾಮೂಲಿ ಸ್ಪ್ಲಿಟರ್ ಹಾಕಿದ್ವಿ. ಎರಡೂ ಸಿಂಕ್ ಆಗ್ತಿಲ್ಲ.

ಉತ್ತರ: ಸೆಲ್‌ಗಳು ಸಮಯ ಹೊಂದಿಸಿಕೊಳ್ಳೋದು ಜಿಪಿಎಸ್ ನೋಡ್ಕೊಂಡು. ಜಿಪಿಎಸ್ ಆಂಟೆನಾ ಬರೀ ಆಂಟೆನಾ ಅಲ್ಲ, ಅದರ ಬುಡದಲ್ಲೇ ಒಂದು ಆಂಪ್ಲಿಫೈಯರ್ ಕೂತಿದೆ, ಅದಕ್ಕೆ ಊಟ ಕೇಬಲ್ ಮೂಲಕನೇ ಹೋಗೋದು, ಸಾಮಾನ್ಯವಾಗಿ 5 ವೋಲ್ಟ್. ಉಪಗ್ರಹದಿಂದ 1575.42 ಮೆಗಾಹರ್ಟ್ಸ್‌ನಲ್ಲಿ ನೆಲಕ್ಕೆ ತಲುಪೋದು ಮೈನಸ್ 130 ಡಿಬಿಎಂ ಆಸುಪಾಸು, ಆಂಪ್ಲಿಫೈಯರ್‌ಗೆ ಕರೆಂಟ್ ಸಿಗದಿದ್ರೆ ಏನೂ ಕೇಳಿಸಲ್ಲ. ಮಾಮೂಲಿ ಸ್ಪ್ಲಿಟರ್ ಡಿಸಿ ತಡೆದ್ರೆ ಆಂಟೆನಾ ಉಪವಾಸ, ತಡೆಯದಿದ್ರೆ ಎರಡು ಕಡೆಯ ವೋಲ್ಟೇಜ್ ಮುಖಾಮುಖಿ ಆಗುತ್ತೆ. ಜಿಪಿಎಸ್‌ಗೇ ಅಂತ ಮಾಡಿದ ಸ್ಪ್ಲಿಟರ್ ತನ್ನಿ, ಅದರಲ್ಲಿ ಒಂದು ಪೋರ್ಟ್ ಮಾತ್ರ ಡಿಸಿ ದಾಟಿಸುತ್ತೆ, ಉಳಿದ ಪೋರ್ಟ್‌ಗಳಲ್ಲಿ ಡಿಸಿ ತಡೆದು ಒಂದು ರೆಸಿಸ್ಟರ್ ಇಟ್ಟಿರ್ತಾರೆ, ಇಲ್ಲಾಂದ್ರೆ ಆ ಸೆಲ್ ಕರೆಂಟ್ ಹರೀತಿಲ್ಲ, ಆಂಟೆನಾ ಇಲ್ಲ ಅಂತ ಅಲಾರಂ ಹೊಡೆಯುತ್ತೆ. ಡಿಸಿ ಕೊಡೋ ಸೆಲ್ ಆಫ್ ಮಾಡಿದ್ರೆ ಇನ್ನೊಂದಕ್ಕೂ ಜಿಪಿಎಸ್ ಹೋಗುತ್ತೆ, ರಿಪೇರಿ ಮಾಡುವಾಗ ಇದು ಗೊತ್ತಿರ್ಬೇಕು.

ಕೇಬಲ್ ವಿಳಂಬಾನೂ ಸೆಟ್ಟಿಂಗ್‌ನಲ್ಲಿ ತುಂಬಿ. ಮೀಟರ್‌ಗೆ 4ರಿಂದ 5 ನ್ಯಾನೋಸೆಕೆಂಡ್ ಲೆಕ್ಕ, 50 ಮೀಟರ್ ಕೇಬಲ್ ಅಂದ್ರೆ 200ರಿಂದ 250. ಟಿಡಿಡಿ (ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿ ಮೇಲೆ ಕಳಿಸಿ ಕೇಳೋ) ನೆಟ್‌ವರ್ಕ್‌ಗೆ ಒಟ್ಟು ಸಿಗೋ ಸಡಿಲಿಕೆ ಪ್ಲಸ್ ಅಥವಾ ಮೈನಸ್ 1500 ನ್ಯಾನೋಸೆಕೆಂಡ್, ಅದರಲ್ಲಿ ಆರನೇ ಒಂದು ಭಾಗ ಬರೀ ಕೇಬಲ್‌ಗೆ ಕೊಡೋದ್ಯಾಕೆ, ಎರಡು ಅಂಕಿ ಟೈಪ್ ಮಾಡಿದ್ರೆ ಮುಗೀತು. ಎರಡು ಸೆಲ್‌ಗೂ ಸ್ಪ್ಲಿಟರ್‌ನಿಂದ ಮುಂದಿನ ಕೇಬಲ್ ಉದ್ದ ಬೇರೆ ಇದ್ರೆ ಬೇರೆ ಬೇರೆ ಅಂಕಿ ಹಾಕಿ.